ಹನ್ನೊಂದು ಎಣಿಸುವಷ್ಟು

ಉಯೂನಿಯ ಹೊರಗೆ, ರೈಲು ಹಳಿಯ ಈಚೆ,
ತಗಡಿನ ಮಾಡಿನ ಕೆಳಗೆ ನಿಂತಿದೆ
ಎಲೆಯುತೆರಿಯೋನ ಲ್ಯಾಂಡ್ ಕ್ರೂಸರ್.
ವಯಸ್ಸು ಮೂವತ್ತೊಂದು. ಓಡಿದ್ದೆಷ್ಟೋ,
ಮೀಟರೇ ಎರಡು ಸಲ ಬದಲಾಗಿದೆ.
ಹಿಂದಿನ ಎಡಗಾಜಿಗೆ ಅವನೇ ಮರದ ಬೆಣೆ ಹೊಡೆದು
ಮುಚ್ಚಿಬಿಟ್ಟಿದ್ದಾನೆ. ಅದರ ಮಾತು ಎತ್ತಬಾರದು.

ಮುಂದಿನದು ಗುಂಡಿ ಒತ್ತಿದರೆ ಏಳುತ್ತದೆ.
ಏಳುತ್ತದೆ ಅಂದರೆ,
ಕೊರೆವ ಬೆಳಗಿನಲ್ಲಿ ಕಂಬಳಿಯೊಳಗಿಂದ
ಶಾಲೆಯ ಹುಡುಗ ಏಳುವ ಹಾಗೆ:
ಇಷ್ಟು, ಆಮೇಲೆ ಇಷ್ಟೇ ಇಷ್ಟು,
ಆಮೇಲೆ ಮುಲುಕು.
ಅತ್ತೆ ನೆಮೇಸಿಯಾ ಎಣಿಸುತ್ತಾಳೆ ಕೆಚುವಾದಲ್ಲಿ,
ಹುಕ್, ಇಸ್ಕೈ, ಕಿಮ್ಸ, ತಾವ...
ಹನ್ನೊಂದಕ್ಕೆ ಗಾಜು ಚೌಕಟ್ಟಿಗಿನ್ನೂ ನಾಲ್ಕು ಬೆರಳು ದೂರ.
ಅಲ್ಲಿಂದಾಚೆ ಎರಡು ಅಂಗೈ ಒತ್ತಿ ಎತ್ತಬೇಕು,
ದಾರಿ ನಡುವೆ ಕೂತ ಲಾಮಾವನ್ನು ಎಬ್ಬಿಸುವಂತೆ.

ನನಗೆ ಎಣಿಕೆ ಬರುವುದು ಏಳರವರೆಗೆ.
ನಾನು ತಗ್ಗಿನವಳು, ಸಾಂತಾ ಕ್ರೂಸಿನ ಸೆಕೆಯಲ್ಲಿ ಬೆಳೆದವಳು,
ಇಲ್ಲಿಗೆ ಸೊಸೆಯಾಗಿ ಬಂದು ಆರು ತಿಂಗಳು.
ನನ್ನ ಕೆಲಸ ಟಾರ್ಚು ಹಿಡಿಯುವುದು.

"ಮೋಟಾರು ಸತ್ತಿದೆ, ಹೊಸದು ಹಾಕು" ಅಂದ ಅವನು.
"ಒಳಗೆ ಕೂತು ದುಡಿಯೋನಿಗೇ ಮೊದಲ ಬೈಗುಳ"
ಅಂದಳು ಅತ್ತೆ, ಹಲ್ಲಲ್ಲಿ ಸ್ಕ್ರೂ ಕಚ್ಚಿಕೊಂಡು.

ಬಾಗಿಲ ಒಳಹೊದಿಕೆ ಬಿಚ್ಚಲು ಬಲ ಬೇಡ, ಕಿವಿ ಬೇಕು.
ಟಪ್ಪ್. ಟಪ್ಪ್. ಹನ್ನೆರಡು ಕ್ಲಿಪ್ಪಿನಲ್ಲಿ ಮೂರು ಮುರಿದವು.
"ಮುರೀತಾವೆ," ಅಷ್ಟೇ ಅಂದಳು.
ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರಿನಂಥ ಅಂಟು,
ಅದರ ಹಿಂದೆ ಕತ್ತಲೆ,
ಕತ್ತಲೆಯಲ್ಲಿ ಉಪ್ಪು.

ಅಡುಗೆಯ ಉಪ್ಪಲ್ಲ.
ಮಳೆ ನಿಂತು ಬಯಲೆಲ್ಲ ಕನ್ನಡಿಯಾದಾಗ,
ಪ್ರವಾಸಿಗರು ಮೋಡದ ಮೇಲೆ ನಿಂತು ಫೋಟೋ ತೆಗೆವಾಗ,
ಚಕ್ರ ಎರಚಿದ ನೀರು
ಬಾಗಿಲ ಹೊಟ್ಟೆಗಿಳಿದು, ಒಣಗಿ,
ಗೆದ್ದಲಿನಂತೆ ಮನೆ ಕಟ್ಟಿಕೊಂಡ ಉಪ್ಪು.
ಗಾಜು ಜಾರುವ ಎರಡು ಓಣಿಗಳಲ್ಲೂ ರಬ್ಬರು ಬಿರಿದಿದೆ,
ಅದರ ಮೇಲೆ ಯಾರೋ ಮೆತ್ತಿದ ಗ್ರೀಸು
ಧೂಳು ಕುಡಿದು, ಎಳೆ ಮೀರಿದ ಬೆಲ್ಲದ ಪಾಕ.

"ಯಾವನು ಇಲ್ಲಿ ಗ್ರೀಸು ಹಾಕಿದ್ದು?"
ಎಲೆಯುತೆರಿಯೋ ಆಕಾಶ ನೋಡಿದ.

ಸ್ಕ್ರೂಡ್ರೈವರಿನ ತುದಿಗೆ ಒದ್ದೆ ಬಟ್ಟೆ ಸುತ್ತಿ
ಓಣಿಯ ಉದ್ದಕ್ಕೂ ಎಳೆದಳು, ಕಪ್ಪು ಬಂತು,
ಮತ್ತೆ ಎಳೆದಳು, ಬೂದಿ ಬಣ್ಣ,
ಮತ್ತೆ, ಮತ್ತೆ, ಬಟ್ಟೆ ಬಟ್ಟೆಯ ಬಣ್ಣಕ್ಕೇ ಬರುವ ತನಕ.
ಅಲ್ಲಿಗೆ ಸಿಲಿಕೋನಿನ ಒಂದು ಉಸಿರು, ಹೆಚ್ಚಿಲ್ಲ.
ಗ್ರೀಸು ಏನಿದ್ದರೂ ಎತ್ತುವ ತೋಳಿನ ಕೀಲಿಗೆ,
ಅದೂ ಕಡಲೆಕಾಳಿನಷ್ಟು.
ಬಾಗಿಲ ಕೀಲಿನ ಬಳಿ ಮಡಿಚಿ ಮಡಿಚಿ
ಒಳಗೇ ಹಸಿರುಗಟ್ಟಿದ್ದ ತಂತಿಯನ್ನು ಕತ್ತರಿಸಿ, ಬೆಸೆದು,
ಗುಂಡಿಯ ತಾಮ್ರದ ನಾಲಿಗೆಯ ಮಸಿಯನ್ನು
ಸ್ಪಿರಿಟಿನಲ್ಲದ್ದಿದ ಕಾಗದದ ಚೂರಿನಿಂದ ಒರೆಸಿ,
ನಡುನಡುವೆ ನನ್ನತ್ತ, "ಬೆಳಕು! ಎಲ್ಲಿ ನೋಡ್ತಿದ್ದೀ?"

ನಾನು ನೋಡುತ್ತಿದ್ದದ್ದು ಅವಳ ಉಗುರು.
ಅದರ ಸಂದಿಯಲ್ಲೂ ಉಪ್ಪು.

ಒಂಬತ್ತೇ ಕ್ಲಿಪ್ಪಿನ ಮೇಲೆ ಬಾಗಿಲು ಮತ್ತೆ ಮೈಮುಚ್ಚಿಕೊಂಡಿತು.
"ನೀನು ಒಳಗೆ ಕೂರು. ಇಂಜಿನ್ನು ಹಚ್ಚು. ಒತ್ತು."
ಈ ಸಲ ಎಣಿಸಿದವಳು ನಾನು, ಗಟ್ಟಿಯಾಗಿ:
ಹುಕ್, ಇಸ್ಕೈ,
ನನ್ನ ಉಚ್ಚಾರಕ್ಕೆ ಎಲೆಯುತೆರಿಯೋ ಬಿದ್ದು ಬಿದ್ದು ನಕ್ಕ,
ಕಿಮ್ಸ, ತಾವ, ಫಿಷ್ಕ,
ಸೊಖ್ತ. ಟಕ್.

ಅವನ ನಗು ಗಾಜಿನಾಚೆ ಉಳಿಯಿತು,
ಬಾಯಿ ಮಾತ್ರ ಕಾಣುತ್ತಿತ್ತು.
ಇಳಿಸು, ಇಳಿಸು, ಅತ್ತೆಯ ಕೈಸನ್ನೆ.
ಇಳಿಸಲಿಲ್ಲ ನಾನು, ಒಂದಷ್ಟು ಹೊತ್ತು.
ಆರು ತಿಂಗಳಲ್ಲಿ ಮೊದಲ ಸಲ
ಗಾಳಿ ನಿಂತಿತ್ತು.